ಮರಗಟ್ಟಿಸುವ ಹನಿ

ನಮ್ಮ ಭಾವನನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಭಾವ ಎಂದರೆ ನನ್ನ ಗಂಡನ ಅಣ್ಣ, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡಿನ ಯಜಮಾನ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ತಮ್ಮನೆಂದರೆ ಪ್ರಾಣ ಬಿಡುವ ಆಸಾಮಿ, ಅದೇ ನನಗೆ ತಲೆನೋವು.

ಆ ಶೆಡ್ಡಿನಲ್ಲಿ ನನ್ನ ಗಂಡನೂ ಸೇರಿ ದುಡಿಯುವ ಮೂವರಿಗೆ, ಬೆಸುಗೆಯ ಬೆಳಕು ತಡೆಯಲು ಒಂದೇ ಮುಖವಾಡ. "ಒಂದು ಚುಕ್ಕೆ ಬೆಸುಗೆಗೆ ಅದ್ಯಾಕೋ, ಕಣ್ಮುಚ್ಕೊಂಡು ಹೊಡಿ" ಅನ್ನುವುದು ಭಾವನ ಉಪದೇಶ. ದಿನವಿಡೀ ಹಾಗೆ ಹೊಡೆದು, ಸಂಜೆ ಕಣ್ಣಿಗೆ ಮರಳು ಸುರಿದ ಹಾಗೆ ಚುಚ್ಚತೊಡಗಿದರೆ ಮದ್ದೂ ಅವನ ಬಳಿಯೇ ಇತ್ತು. ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಗೆಳೆಯನಿಂದ ತರಿಸಿದ ಪುಟ್ಟ ಸೀಸೆ. ಒಂದು ಹನಿ ಬಿಟ್ಟರೆ ನೋವು ಮಂಗಮಾಯ! "ಅಣ್ಣನ ಕೈಗುಣ ನೋಡೇ" ಎಂದು ನನ್ನ ಗಂಡ ಮನೆಗೆ ಬಂದು ಮೆರೆಯುತ್ತಿದ್ದ.

ಸಂಜೆಗೊಂದು ಹನಿ ಸಾಲದೆ ಗಂಟೆಗೊಂದಾಯಿತು. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕಂಡ ದಿನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅವನ ಜೇಬಿನಿಂದ ಹೊರಬಿದ್ದ ಸೀಸೆ ನೋಡಿ ಡಾಕ್ಟರಮ್ಮ ಕೆಂಡವಾದರು. "ಇದು ಮದ್ದಲ್ಲಮ್ಮ, ಮರಗಟ್ಟಿಸೋ ಹನಿ. ಪರೀಕ್ಷೆ ಮಾಡುವಾಗ ನಾವು ಹಾಕ್ತೀವಿ, ಅಷ್ಟೇ. ವೆಲ್ಡಿಂಗ್ ಬೆಳಕಿಗೆ ಸುಟ್ಟ ಕಣ್ಣು, ಎರಡು ದಿನ ಕೆಲಸ ಬಿಟ್ಟು ಮುಲಾಮು ಹಾಕ್ಕೊಂಡು ಮಲಗಿದ್ರೆ ವಾಸಿಯಾಗ್ತಿತ್ತು. ಇದನ್ನ ಮತ್ತೆ ಮತ್ತೆ ಹಾಕಿದ್ರೆ ಗಾಯ ಮಾಯೋದೇ ಇಲ್ಲ. ಈಗ ಹುಣ್ಣಾಗಿದೆ. ಇನ್ನೊಂದು ಹನಿ ಬಿದ್ರೆ ಕಣ್ಣು ಉಳಿಯುತ್ತೆ ಅಂತ ನಾನು ಹೇಳಲ್ಲ. ಮಾತ್ರೆ ಕೊಡ್ತೀನಿ, ಮಿಕ್ಕ ನೋವು ತಡ್ಕೋಬೇಕು."

ವಾರ್ಡಿನಲ್ಲಿ ಗಂಡ ಮಂಚದ ಸರಳು ಹಿಡಿದು ನರಳಿದ. ನಾನು ಮಾತ್ರೆ ತರಲು ಹೋಗಿ ಬರುವಷ್ಟರಲ್ಲಿ ಭಾವ ಹಾಜರು, ಕೈಯಲ್ಲಿ ಹೊಸ ಸೀಸೆ! ಗಂಡನ ಕಣ್ಣಿಗೆ ಆಸ್ಪತ್ರೆಯವರು ಅಂಟಿಸಿದ್ದ ಪ್ಲಾಸ್ಟಿಕ್ ಮುಚ್ಚಳ ಆಗಲೇ ತೆಗೆದಾಗಿತ್ತು.

"ಏಯ್! ತೆಗಿ ಕೈ!"

ಅಲ್ಲಿಯವರೆಗೆ ಭಾವನಿಗೆ ಏಕವಚನ ಬಳಸಿದವಳಲ್ಲ ನಾನು. ಅಂದಿನಿಂದ ಬಹುವಚನ ಬಳಸಿಲ್ಲ.

"ಪಾಪ ಕಣಮ್ಮ, ನನ್ನ ಕೈಲಿ ನೋಡಕ್ಕಾಗ್ತಿಲ್ಲ. ಒಂದೇ ಹನಿ..."

"ಆಗದಿದ್ರೆ ಆಚೆ ಹೋಗು! ನಿನ್ನ ಕನಿಕರಕ್ಕೆ ಅವನ ಕಣ್ಣು ಬಲಿ ಕೊಡ್ಲಾ?"

ಸೀಸೆ ಕಿತ್ತುಕೊಂಡು ಮೂಲೆಯ ಸಿಂಕಿಗೆ ಸುರಿದೆ. ತಿರುಗಿದರೆ, ಗಂಡನ ಎರಡು ಬೆರಳು ಇನ್ನೂ ರೆಪ್ಪೆಯನ್ನು ಅಗಲಿಸಿ ಹಿಡಿದೇ ಇದ್ದವು. ಅಣ್ಣನನ್ನು ಕರೆಸಿಕೊಂಡದ್ದು ಇವನೇ.

"ನೀನೇನು ಹೆಂಡ್ತಿನೋ ರಾಕ್ಷಸಿನೋ?" ಎಂದು ಕಿರುಚಿದ.

ಇಬ್ಬರ ಕೆನ್ನೆಗೂ ಬಾರಿಸಬೇಕೆನ್ನಿಸಿತು.

"ರಾಕ್ಷಸಿನೇ" ಅಂದೆ. ಕಣ್ಣಿಗೆ ಮತ್ತೆ ಮುಚ್ಚಳ ಹಾಕಿ, ಗಂಡನ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದೆ. ಭಾವ ಮಂಚದ ಕೊನೆಯಲ್ಲಿ ನಿಂತು ಬಿಕ್ಕುತ್ತಿದ್ದ.

"ಅಳೋದು ಆಮೇಲೆ ಅಳು. ಕಾಲು ಹಿಡ್ಕೋ, ಒದೀತಿದ್ದಾನೆ."