ನ್ಯಾಮತಿಯ ಬ್ಯಾನರ್

ಹೊನ್ನಾಳಿ ಬಸ್ ನಿಲ್ದಾಣದ ಎದುರು ಸಾಲಿನಲ್ಲಿರುವ ಸಿರಿ ಗ್ರಾಫಿಕ್ಸ್‌ನಲ್ಲಿ ಪ್ರೇಮಲತಾ ಹತ್ತು ವರ್ಷದಿಂದ ಊರವರ ಮುಖ ತೊಳೆಯುತ್ತಿದ್ದಳು. ಹುಟ್ಟುಹಬ್ಬದ ಕೂಸಿನಿಂದ ಹಿಡಿದು ಶಿವಗಣಾರಾಧನೆಯ ಮುದುಕನವರೆಗೆ ಯಾರ ಫೋಟೊ ಬಂದರೂ ಸರಿ, ಕಪ್ಪಿದ್ದರೆ ಬಿಳುಪು ಮಾಡಬೇಕು, ಹಿಂದೆ ಕಾಣುವ ಗೋಡೆ, ಒಣಹಾಕಿದ ಟವೆಲ್ಲು ಅಳಿಸಬೇಕು, ಆ ಜಾಗದಲ್ಲಿ ಗುಲಾಬಿಯನ್ನೋ ದೀಪವನ್ನೋ ಕೂರಿಸಬೇಕು. ಸತ್ತವರೂ ಅವಳ ಕೈಯಲ್ಲಿ ಹತ್ತು ವರ್ಷ ಚಿಕ್ಕವರಾಗುತ್ತಿದ್ದರು. ಕೆಲಸದಲ್ಲಿ ಅವಳಿಗೆ ಹೆಸರಿತ್ತು.

ಹೆಸರು ಕೇಳಿಯೇ ಖಮರುನ್ನೀಸಾ ಮೇಡಂ ಫೋನ್ ಮಾಡಿದ್ದರು. ಚನ್ನಗಿರಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಅವರೇ ಒಂದು ಕಾಲಕ್ಕೆ ಪ್ರೇಮಲತಾಳಿಗೆ ಮೌಸ್ ಹಿಡಿಯುವುದನ್ನು ಕಲಿಸಿದವರು. ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಒಂದಿಷ್ಟು ಮಂದಿ ಸೇರಿ ‘ನಮ್ಮ ನಂಬರು ನಮ್ಮದು’ ಅಂತ ಒಂದು ಅಭಿಯಾನ ಕಟ್ಟಿದ್ದರು. ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ನಮ್ಮ ಫೋಟೊ, ನಂಬರು, ಆಧಾರ್ ಪ್ರತಿ ಎಲ್ಲೆಂದರಲ್ಲಿ ಚೆಲ್ಲಬೇಡಿ, ಬೇರೆಯವರದ್ದನ್ನೂ ಚೆಲ್ಲಬೇಡಿ ಎನ್ನುವುದು ಅದರ ಸಾರ. ತಾಲ್ಲೂಕಿಗೊಂದರಂತೆ ನಾಲ್ಕು ಬ್ಯಾನರ್ ಆಗಬೇಕು. ಕಂಬಕ್ಕೆ ಕಟ್ಟುವ ಫ್ಲೆಕ್ಸ್ ಅಲ್ಲ, ವಾಟ್ಸಾಪ್ ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಹಾಕುವಂಥವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕೂ ತಾಲ್ಲೂಕಿನ ಗುಂಪುಗಳಿಗೆ ಒಟ್ಟಿಗೆ ಹೋಗಬೇಕು.

ಜಗಳೂರಿನದು ಮೊದಲು ತಯಾರಾಯಿತು. ಅದನ್ನು ನೋಡಿ ಅಲ್ಲಿನ ನಿವೃತ್ತ ಮೇಷ್ಟ್ರು ಜುಂಜಪ್ಪನವರು ಫೋನ್ ಮಾಡಿದರು.

“ಏನಮ್ಮಾ, ಕೆಳಗೆ ನಮ್ಮ ಕಮಿಟಿಯೋರ ಫೋಟೊನೇ ಇಲ್ಲ? ಹನ್ನೊಂದು ಜನ ಇದೀವಿ. ಫೋಟೊ, ಹೆಸರು, ಮೊಬೈಲ್ ನಂಬರು, ಮೂರೂ ಬರಬೇಕು.”

“ಸರ್, ನಂಬರ್ ಎಲ್ಲೂ ಹಾಕಬ್ಯಾಡ್ರಿ ಅಂತಾನೇ ಬ್ಯಾನರ್‌ನಾಗೆ ಬರೆದೈತೆ.”

“ಅದು ಜನಕ್ಕೆ ಹೇಳಿದ್ದಮ್ಮಾ. ನಮ್ಮದು ಹಾಕು.”

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಅಂತಾರಲ್ಲ, ಅಂಥ ಹಲ್ಲಿಗಳ ಹನ್ನೊಂದು ಫೋಟೊ ಹತ್ತು ನಿಮಿಷದಲ್ಲಿ ಬಂದವು. ಪ್ರೇಮಲತಾ ಹನ್ನೊಂದನ್ನೂ ತೊಳೆದು ದುಂಡಗೆ ಕತ್ತರಿಸಿ ಸಾಲಾಗಿ ಕೂರಿಸಿದಳು. ಆಮೇಲೆ ಮೇಡಂ ನೋಡಿ ತಲೆ ಚಚ್ಚಿಕೊಂಡು ಎಲ್ಲ ತೆಗೆಸಿದರು. ತೆಗೆ ಅಂದಾಗ ತೆಗೆದಳು. ಹಿಂದಿನ ಪ್ರೇಮಲತಾ ಆಗಿದ್ದರೆ ಅಂಗಡಿ ಮಾಲೀಕ ರುದ್ರಮುನಿಗೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಹನ್ನೊಂದು ತಿಂಗಳಿಂದ ಅವಳಿಗೆ ಹಾಗೇ ಆಗಿತ್ತು. ಜೋಮು ಹಿಡಿದ ಕಾಲನ್ನು ಗಿಲ್ಲಿದರೆ ಅದು ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಊಟ ಮಾಡಿದರೆ ಹೊಟ್ಟೆ ತುಂಬುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ. ತಂಗಿಗೆ ಗಂಡುಮಗು ಹುಟ್ಟಿದಾಗ ಮನೆಯವರೆಲ್ಲ ಕುಣಿದರೆ ಇವಳು ತೊಟ್ಟಿಲ ಶಾಸ್ತ್ರದ ಬ್ಯಾನರಿಗೆ ಯಾವ ಬಣ್ಣ ಹಾಕಬೇಕು ಅಂತ ಕೇಳಿದ್ದಳು. ಅವಳಮ್ಮ ಕಣ್ಣಿನ ಡಾಕ್ಟರಿಗೆ ತೋರಿಸು ಅಂದರು. ತೋರಿಸಿದಳು. ಕಣ್ಣು ಚೆನ್ನಾಗಿಯೇ ಇದ್ದವು.

ಹೋದ ವರ್ಷ ಪಿಯುಸಿ ಫಲಿತಾಂಶ ಬಂದಾಗ ಸವಳಂಗದಿಂದ ಹಿಟ್ಟಿನ ಗಿರಣಿಯ ಮಹೇಶ್ವರಪ್ಪ ಅಂಗಡಿಗೆ ಬಂದಿದ್ದ. ಮಗಳು ಮೇಘಶ್ರೀ ತೊಂಬತ್ನಾಲ್ಕು ಪರ್ಸೆಂಟ್ ತೆಗೆದಿದ್ದಳು. ನಮ್ಮ ಕಡೆ ಮಕ್ಕಳು ಪಾಸಾದರೆ ಪೇಡ ಹಂಚುವುದು ಹಳೆಯ ಕಾಲವಾಯಿತು, ಈಗ ಊರ ಬಾಗಿಲಲ್ಲಿ ಅಭಿನಂದನೆಯ ಫ್ಲೆಕ್ಸ್ ಕಟ್ಟಬೇಕು. ಮಹೇಶ್ವರಪ್ಪ ನೋಟ್‌ಬುಕ್ಕಿನ ಹಾಳೆಯಲ್ಲಿ ಮಗಳ ಹೆಸರು, ಅಂಕ, ತನ್ನ ಹೆಸರು, ಊರು ಬರೆದುಕೊಟ್ಟ. ಫೋಟೊವನ್ನು ಮಗಳೇ ತನ್ನ ಫೋನಿಂದ ವಾಟ್ಸಾಪ್ ಮಾಡಿದಳು. ಪ್ರೂಫ್ ಕಳಿಸಿದ್ದೂ ಆಯಿತು, ಅವರು ಸರಿ ಅಂದದ್ದೂ ಆಯಿತು. ಇನ್ನೇನು ಪ್ರಿಂಟಿಗೆ ಹಾಕಬೇಕು, ಅಷ್ಟರಲ್ಲಿ ರುದ್ರಮುನಿ ಹಿಂದೆ ಬಂದು ನಿಂತು, “ಕೆಳಗೆ ಬಲಗಡೆ ಬೋಳು ಬೋಳು ಕಾಣ್ತೈತಲ್ಲ ಪ್ರೇಮಾ, ಮೊಬೈಲ್ ನಂಬರ್ ಹಾಕು” ಅಂದ. ಹಾಳೆಯಲ್ಲಿ ನಂಬರ್ ಇರಲಿಲ್ಲ. ವಾಟ್ಸಾಪಿನಲ್ಲಿ ಫೋಟೊದ ಮೇಲೆಯೇ ಇತ್ತು. ಪ್ರೇಮಲತಾ ಅದನ್ನೇ ಎತ್ತಿ ಮೂಲೆಗೆ ಕೂರಿಸಿದಳು. ಬೋಳು ಹೋಯಿತು.

ಅದು ಹುಡುಗಿಯದೇ ನಂಬರು. ಫ್ಲೆಕ್ಸಿನ ಜೊತೆ ಅದರ ಪ್ರತಿ ನೆಂಟರಿಷ್ಟರ ಸ್ಟೇಟಸ್ಸಿಗೂ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಮೊದಲು ಅಭಿನಂದನೆಯ ಕರೆ ಬಂದವು, ಆಮೇಲೆ ಬೇರೆ ಕರೆ. ಯಾರೋ ಪುಣ್ಯಾತ್ಮರು ಫೋಟೊ ಮತ್ತು ನಂಬರನ್ನು ಹೊಲಸು ಗುಂಪೊಂದಕ್ಕೆ ಏರಿಸಿದರು. ಜೂನ್ ಹೊತ್ತಿಗೆ ಹುಡುಗಿಯ ಸಿಮ್ ಮುರಿದು ಬಚ್ಚಲಿಗೆ ಹಾಕಿದ್ದರು. ಶಿವಮೊಗ್ಗದ ಕಾಲೇಜಿನ ಸೀಟು ಹೋಯಿತು. ಗಿರಣಿಗೆ ಜೋಳ ಬೀಸಿಸಲು ಬಂದವರೆಲ್ಲ, ಹುಡುಗಿಯೇ ಬೇಕಂತ ನಂಬರ್ ಕೊಟ್ಟಿದ್ದಾಳೆ, ಹುಡುಗರು ಫೋನ್ ಮಾಡಲಿ ಅಂತ, ಅಂದರು. ಈ ಮಾತು ಬಸ್ಸು ಹತ್ತಿ ಹೊನ್ನಾಳಿಗೂ ಬಂತು. ಪ್ರೇಮಲತಾ ಕೇಳಿದಳು. ಮುಂದಿನ ಗಿರಾಕಿಯ ಫೋಟೊ ತೆರೆದಳು. ಅವತ್ತಿನಿಂದ ಈ ಜೋಮು.

ಶುಕ್ರವಾರ ಸಂಜೆ ಮೇಡಂ ಅವರ ಧ್ವನಿ ಸಂದೇಶ ಬಂತು.

“ಪ್ರೇಮಾ, ನ್ಯಾಮತಿ ಬ್ಯಾನರಿಗೆ ಖರೇ ಅನುಭವ ಸಿಕ್ತು ನೋಡು. ಸವಳಂಗದ ಹುಡುಗಿ, ಗಿರಣಿ ಮಹೇಶ್ವರಪ್ಪನ ಮಗಳು. ಅವರ ತಾಯಿ ಕಡೆಯಿಂದ ಕೇಳಿಸಿದ್ದೆ, ಚೀಟಿ ಬರೆದು ಕಳಿಸ್ಯಾಳೆ, ಚೀಟಿ ಫೋಟೊ ಹಾಕೀನಿ. ಹೆಸರು ಮಾತ್ರ ಯಾರಿಗೂ ಗೊತ್ತಾಗಬಾರದಮ್ಮಾ.”

ಹೆಸರು ಗೊತ್ತಾಗಬಾರದೆಂದು ಹೆಸರು ಹೇಳಿಯೇ ತಿಳಿಸುವವರು ನಮ್ಮಲ್ಲಿ ಮೇಡಂ ಒಬ್ಬರೇ ಅಲ್ಲ ಬಿಡಿ. ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ ಮೂರು ಸಾಲಿದ್ದವು.

‘ನನ್ನ ನಂಬರನ್ನು ಬ್ಯಾನರಿಗೆ ನಾನೇ ಕೊಟ್ಟೆ. ತಪ್ಪು ನನ್ನದೇ. ನೀವು ಕೊಡಬೇಡಿ.’

ಪ್ರೇಮಲತಾ ಅಕ್ಷರ ಜೋಡಿಸಿದಳು. ಹಿನ್ನೆಲೆಗೆ ಕಡುನೀಲಿ, ಅಕ್ಷರಕ್ಕೆ ಹಳದಿ. ‘ತಪ್ಪು ನನ್ನದೇ’ ಎದ್ದು ಕಾಣಬೇಕೆಂದು ಅದನ್ನು ದೊಡ್ಡದು ಮಾಡಿದಳು. ಹಿಂದೆ ಸರಿದು ನೋಡಿದಳು. ಒಪ್ಪವಾಗಿತ್ತು. ಹುಡುಗಿ ಸುಳ್ಳು ಬರೆದಿದ್ದಾಳೆ, ಆ ಸುಳ್ಳಿಗೆ ನಾನು ಬಣ್ಣ ಹಚ್ಚುತ್ತಿದ್ದೇನೆ, ನಾಡಿದ್ದು ಹತ್ತು ಗಂಟೆಗೆ ನಾಲ್ಕು ತಾಲ್ಲೂಕು ಇದನ್ನು ಓದುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಎದೆಯಲ್ಲಿ ಏನೂ ಆಗಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. ಇದಕ್ಕೂ ಏನೂ ಆಗದಿದ್ದರೆ ಇನ್ನು ಯಾವುದಕ್ಕೆ ಆಗುತ್ತದೆ ಅಂತ.

ಶನಿವಾರ ಮಧ್ಯಾಹ್ನ ಪ್ರೂಫ್ ತೋರಿಸಿ ಬರುತ್ತೇನೆಂದು ರುದ್ರಮುನಿಗೆ ಹೇಳಿ ಬಸ್ಸು ಹತ್ತಿದಳು. ವಾಟ್ಸಾಪ್ ಇರುವ ಕಾಲದಲ್ಲಿ ಪ್ರೂಫ್ ತೋರಿಸಲು ಯಾರಾದರೂ ಬಸ್ಸು ಹತ್ತುತ್ತಾರೆಯೇ? ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ನ್ಯಾಮತಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸವಳಂಗ ತಲುಪಿದಾಗ ಗಿರಣಿ ಓಡುತ್ತಿತ್ತು. ಮನೆ ಅದರ ಹಿಂಬದಿಗೇ ಇತ್ತು. ತಾಯಿ ಕಸ್ತೂರಮ್ಮ ಬಾಗಿಲು ತೆಗೆದು, ಖಮರುನ್ನೀಸಾ ಮೇಡಂ ಕಡೆಯವಳೆಂದು ಕೇಳಿ ಒಳಗೆ ಕರೆದು, ನೀರು ಕೊಟ್ಟು ಮಗಳನ್ನು ಕೂಗಿ ಚಹಾ ಇಡಲು ಹೋದಳು.

ಮೇಘಶ್ರೀ ಬಂದು ಚಾಪೆಯ ಮೇಲೆ ಕೂತಳು. ಪ್ರೇಮಲತಾ ಆ ಮುಖವನ್ನು ಒಮ್ಮೆ ಕೈಯಾರೆ ತೊಳೆದಿದ್ದಳು, ಕೆನ್ನೆಯ ಮೇಲಿನ ಮಚ್ಚೆಯನ್ನೂ ಅಳಿಸಿದ್ದಳು. ಮಚ್ಚೆ ಇತ್ತು. ಹುಡುಗಿ ಫೋನು ಇಸಿದುಕೊಂಡು ಬ್ಯಾನರ್ ನೋಡಿದಳು.

“ಚೆನ್ನಾಗೈತೆ ಅಕ್ಕಾ. ಬಣ್ಣ ಚೆನ್ನಾಗೈತೆ.”

“ಇದರಾಗೆ ಬರೆದಿದ್ದು ಸುಳ್ಳಲ್ಲೇನು?”

ಹುಡುಗಿ ತಲೆಯೆತ್ತಲಿಲ್ಲ. “ನಿಮಗೆ ಹೆಂಗೆ ಗೊತ್ತು?”

“ನಂಬರ್ ಹಾಕಿದ್ದು ನಾನು. ನೀನು ಫೋಟೊ ಕಳಿಸಿದ್ದೆಯಲ್ಲ, ಅದರಿಂದ ತಗಂಡು ಹಾಕಿದೆ. ಯಾರನ್ನೂ ಕೇಳಲಿಲ್ಲ.”

ಗಿರಣಿಯ ಸದ್ದು ಗೋಡೆಯಾಚೆ ಒಂದೇ ಸಮನೆ ಕೇಳುತ್ತಿತ್ತು. ಮೇಘಶ್ರೀ ಫೋನನ್ನು ಚಾಪೆಯ ಮೇಲಿಟ್ಟಳು.

“ಅಂಗಡಿಯೋರೇ ಇರಬೇಕು ಅಂತ ನನಗೆ ಆವಾಗ್ಲೇ ಗೊತ್ತಿತ್ತು. ನಾನು ಕೊಟ್ಟಿಲ್ಲ, ಅಪ್ಪ ಬರೆದಿಲ್ಲ, ಇನ್ಯಾರು? ಬಂದು ಹೇಳ್ತಾರೆ ಅಂತ ಭಾಳ ದಿನ ಕಾದೆ.”

“ಮತ್ತೆ ನೀನೇ ಕೊಟ್ಟೆ ಅಂತ ಯಾಕೆ ಅಂದೆ?”

“ಅಪ್ಪ ದಿನಾ ಕೇಳ್ತಿದ್ದ. ಬೆಳಿಗ್ಗೆ ಎದ್ದರೆ ಕೇಳಾದು, ಪೂಜೆಗೆ ಕುಂತರೆ ಕೇಳಾದು. ಕೊಟ್ಟಿಲ್ಲಪ್ಪಾ ಅಂದ್ರೆ ನಂಬ್ತಿರಲಿಲ್ಲ. ಒಂದಿನ ಹೂಂ ಅಂದೆ. ಎರಡೇಟು ಹೊಡೆದ, ಸುಮ್ಮನಾದ. ಈ ಜೂನ್‌ಗೆ ಕಾಲೇಜಿಗೆ ಸೇರಿಸ್ತೀನಿ ಅಂದಾನೆ. ಎಲ್ಲಾ ತಣ್ಣಗಾಗೈತೆ, ಬಿಡ್ರಿ.”

“ನಾನು ಹೇಳ್ತೀನಿ ನಿಮ್ಮಪ್ಪನಿಗೆ.”

“ಹೇಳ್ರಿ. ಹೇಳಿ ನೀವು ಬಸ್ ಹತ್ತಿ ಹೋಗ್ತೀರಿ. ಇಲ್ಲಿ ಇರಾಕಿ ನಾನು.”

ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಪ್ರೇಮಲತಾಳಿಗೆ ಆಗ ನಾಚಿಕೆಯಾಯಿತು. ಹನ್ನೊಂದು ತಿಂಗಳ ಮೇಲೆ ಆದ ಮೊದಲ ಭಾವನೆ ಅದು. ಕಿವಿ ಸುಟ್ಟವು, ಎದ್ದು ಓಡಿಹೋಗಬೇಕೆನ್ನಿಸಿತು. ಜೋಮು ಬಿಡುವಾಗಲೇ ಅಲ್ಲವೇ ಕಾಲು ನೆಲಕ್ಕೆ ಊರಲಾಗದಂತೆ ಚುಚ್ಚುವುದು.

ಗಿರಣಿ ನಿಂತಿತು. ಮಹೇಶ್ವರಪ್ಪ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಒಳಗೆ ಬಂದ. ಮೇಡಂ ಕಡೆಯಿಂದ ಬ್ಯಾನರ್ ತಂದವಳೆಂದು ತಿಳಿದು ಕೈ ಮುಗಿದ. ಫೋನನ್ನು ದೂರ ಹಿಡಿದು ಮೂರೂ ಸಾಲನ್ನು ಜೋರಾಗಿ ಓದಿದ.

“ನೋಡು ತಾಯೀ, ತಪ್ಪು ಯಾರು ಮಾಡಲ್ಲ? ಒಪ್ಪಿಕಣಾಕೆ ಗುಂಡಿಗೆ ಬೇಕು. ನನ್ನ ಮಗಳು ಒಪ್ಪಿಕಂಡ್ಳು. ಒಪ್ಪಿಕಂಡ ಮ್ಯಾಲೆ ನಾನು ಒಂದು ಮಾತು ಅಂದಿಲ್ಲ. ಕೇಳು ಬೇಕಾದ್ರೆ.”

ಮಗಳ ತಲೆಯ ಮೇಲೆ ಕೈಯಿಟ್ಟ. ಕೂದಲಿಗೆ ಹಿಟ್ಟು ಹತ್ತಿತು. ಅವಳು ಚಾಪೆಯ ಅಂಚಿನ ಕಡ್ಡಿ ಕೀಳುತ್ತಿದ್ದಳು.

“ಅಣ್ಣಾರೆ, ನಂಬರ್ ಹಾಕಿದ್ದು ನಾನು” ಅಂದಳು ಪ್ರೇಮಲತಾ. “ಮೇಘಾ ಕೊಡಲಿಲ್ಲ. ಪ್ರೂಫ್ ನೀವು ಒಪ್ಪಿದ ಮ್ಯಾಲೆ, ಮೂಲೆ ಖಾಲಿ ಕಾಣ್ತೈತೆ ಅಂತ ನಾನೇ ಹಾಕಿದೆ. ಅವಳಿಗೆ ಗೊತ್ತೇ ಇರಲಿಲ್ಲ. ಈ ಬ್ಯಾನರ್ ನಾಳೆ ಹೋಗಲ್ಲ. ಮೇಡಂಗೂ ಹೇಳ್ತೀನಿ.”

ಹುಡುಗಿಯ ಸಲುವಾಗಿ ಹೇಳಿದಳೆಂದು ಯಾರೂ ಕಥೆ ಕಟ್ಟುವುದು ಬೇಡ. ಆ ಹಿಟ್ಟಿನ ಕೈಯನ್ನು ಆ ತಲೆಯ ಮೇಲೆ ನೋಡಲಾಗದೆ ಹೇಳಿದಳು. ಹೇಳಿಯಾದ ಮೇಲೆ ಬೈಗುಳಕ್ಕೆ ಕಾದಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

ಮಹೇಶ್ವರಪ್ಪ ಅವಳ ಕಡೆ ತಿರುಗಲೇ ಇಲ್ಲ. ಮಗಳ ತಲೆಯಿಂದ ಕೈ ತೆಗೆದ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿಕೊಂಡ. ಕಸ್ತೂರಮ್ಮ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

“ಖರೇನಾ?” ಮಹೇಶ್ವರಪ್ಪ ಮಗಳನ್ನು ಕೇಳಿದ.

“ಹೂಂ” ಅಂದಳು ಮೇಘಶ್ರೀ.

“ಮತ್ತೆ ಹೊಡೆದಾಗಲಾದ್ರೂ ಹೇಳಬಾರದಿತ್ತೇನವ್ವಾ? ನಾನಲ್ಲ ಅಂತ, ಅವಾಗಾದ್ರೂ ಅನ್ನಬಾರದಿತ್ತೇ?”

ಹುಡುಗಿ ಕಡ್ಡಿ ಬಿಟ್ಟು ತಲೆಯೆತ್ತಿದಳು. ಅಪ್ಪನ ಮುಖ ನೋಡಿದಳು.

“ಹೊಡೆದ ಮ್ಯಾಲೆ ತಟ್ಟೆ ತಗಂಡು ಬಂದು ನನ್ನ ಪಕ್ಕ ಕುಂತು ಉಂಡೆಯಲ್ಲಪ್ಪಾ. ನಾಲ್ಕು ತಿಂಗಳಾಗಿತ್ತು ನೀನು ನನ್ನ ಜೊತಿ ಉಂಡು.”

ಹೊರಗೆ ಯಾರೋ ಹಿಟ್ಟಿಗೆ ಬಂದವರು ಯಜಮಾನ್ರೇ, ಯಜಮಾನ್ರೇ ಎಂದು ಎರಡು ಸಲ ಕೂಗಿ, ಉತ್ತರ ಬಾರದೆ, ಡಬ್ಬಿ ಅಲ್ಲೇ ಇಟ್ಟು ಹೋದರು.