ಎದುರಿಗೆ ನಿಂತವಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಊರಿಗೆಲ್ಲ ಸಾರಿಕೊಂಡು ಬಂದಿದ್ದಾನೆ. ಸುಳ್ಳೇನಲ್ಲ. ಆದರೆ ಆ ಕೋಪ ಮೂಗಿನಿಂದ ಕೈಗೆ ಇಳಿಯದಂತೆ ನೋಡಿಕೊಂಡವರು ನಮ್ಮ ಕರಾಟೆ ಮಾಸ್ಟರು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಹಾಲ್. ಕೆಳಗೆ ಚಕ್ರ ಬಿಚ್ಚುವ ಯಂತ್ರ ಗುಯ್‌ಗುಟ್ಟುತ್ತಿದ್ದರೆ ಮೇಲೆ ನಾವು ಕಿರುಚುತ್ತಿರುತ್ತೇವೆ. ಯಾರಿಂದ ಯಾರಿಗೆ ತೊಂದರೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಮದುವೆಗೆ ಮುಂಚೆ ಆ ಮೆಟ್ಟಿಲು ಹತ್ತಿದವಳು ನಾನು. ಈಗ ಕೂದಲು ನರೆತಿದೆ. ಕಲಿಯಲು ಬರುವ ಮಕ್ಕಳೂ, ಅವರನ್ನು ಬಿಟ್ಟು ಹೋಗಲು ಬರುವ ಅಪ್ಪಂದಿರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ.

ಸೇರಿದ ಹೊಸತರಲ್ಲಿ ಜೊತೆಗಾರ್ತಿಯೊಬ್ಬಳ ತುಟಿ ಒಡೆದು ರಕ್ತ ಬರಿಸಿದ್ದೆ. ಮಾಸ್ಟರು ಬೈಯಲಿಲ್ಲ. ಮರುದಿನ ಕನ್ನಡಕ ಹಾಕಿಕೊಂಡು ತಾವೇ ನನ್ನೆದುರು ಬಂದು ನಿಂತರು. "ಹೊಡಿ. ಪೂರ್ತಿ ಬಲ ಹಾಕು. ಒಡೆಯೋದು ಗಾಜು, ಹೋಗೋದು ನನ್ನ ಕಣ್ಣು," ಎಂದರು. ಪೂರ್ತಿ ಬಲದಲ್ಲಿ ಹೊಡೆದು, ಗಾಜು ಮುಟ್ಟುವ ಮುಂಚೆ ನಿಲ್ಲಿಸಬೇಕು. ಎಷ್ಟೋ ಸಂಜೆ ಇದೇ ಆಯಿತು. ಮೊದಮೊದಲು ನನ್ನ ಕೈ ಅರ್ಧ ದಾರಿಯಲ್ಲೇ ಹೆದರಿ ನಿಲ್ಲುತ್ತಿತ್ತು, ಅವರು ತಲೆ ಅಲ್ಲಾಡಿಸುತ್ತಿದ್ದರು. ಬರಬರುತ್ತಾ ಕೈ ತಾನೇ ಕಲಿಯಿತು. ಈಗ ನಾನು ಎಷ್ಟೇ ರಭಸದಲ್ಲಿ ಬೀಸಿದರೂ ಮುಷ್ಟಿ ಎದುರಿನವರ ಬಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ನಾನು ನಿಲ್ಲಿಸುತ್ತೇನೆ ಎಂದು ನೋಡುವವರು ತಿಳಿಯುತ್ತಾರೆ. ನನಗೆ ಅದರ ಪರಿವೆಯೂ ಇರುವುದಿಲ್ಲ.

ಮಾಸ್ಟರ ಮಂಡಿ ಸವೆದ ಮೇಲೆ ಪಾಠವೆಲ್ಲ ನನ್ನ ತಲೆಗೆ ಬಂತು. ಬಿಳಿ ಬೆಲ್ಟಿನ ಚಿಳ್ಳೆಪಿಳ್ಳೆಗಳಿಗೆ ಎಡ ಯಾವುದು ಬಲ ಯಾವುದು ಎಂದು ಹೇಳಿಕೊಡುವುದರಿಂದ ಹಿಡಿದು, ಬೆಲ್ಟ್ ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಅಮ್ಮನಿಂದ ಬೈಸಿಕೊಳ್ಳುವವರೆಗೆ ಎಲ್ಲ ನನ್ನದೇ. ಮಾಸ್ಟರು ಬೆಂಚಿನ ಮೇಲೆ ಕೂತಿರುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಕೆಮ್ಮುತ್ತಿದ್ದರು. ಆ ಕೆಮ್ಮಿನಲ್ಲಿ ಯಾರ ತಪ್ಪು, ಏನು ತಪ್ಪು ಎಂದು ಬಿಡಿಸಿಕೊಳ್ಳುವುದು ನನಗೊಬ್ಬಳಿಗೇ ಬರುತ್ತಿತ್ತು. ಹೀಗಿದ್ದ ಮೇಲೆ ಅವರ ನಂತರ ಹಾಲ್ ನನಗೇ ಎಂದು ನಾನು ಅಂದುಕೊಂಡಿದ್ದರೆ ಅದರಲ್ಲಿ ಅತಿಯಾಸೆ ಏನಿದೆ ಹೇಳಿ? ನನಗೆ ಬೇರೆ ಕೆಲಸ ಬರುವುದಿಲ್ಲ. ಬೇರೆ ಯಾವುದೂ ಬೇಕು ಅನ್ನಿಸಿದ್ದೂ ಇಲ್ಲ.

ಮಾಸ್ಟರಿಗೊಬ್ಬ ಮಗನಿದ್ದ. ಹಾಲಿನಲ್ಲಿ ಎಲ್ಲರೂ ಅವನನ್ನು ಚಿಕ್ಕ ಮಾಸ್ಟರ್ ಎನ್ನುತ್ತಿದ್ದರು. ನನ್ನ ಕಿರುಬೆರಳು ಹಿಡಿದುಕೊಂಡು ಮೊದಲ ಸಲ ಮ್ಯಾಟ್ ಮೇಲೆ ಕಾಲಿಟ್ಟ ಮಗು ಅದು. ಕೆಟ್ಟವನಲ್ಲ, ಸೋಮಾರಿ. ದೇಹ ಕಟ್ಟಿಕೊಂಡಿದ್ದಾನೆ, ಕಾಲೆತ್ತಿದರೆ ಫೋಟೊಗೆ ಚೆನ್ನಾಗಿ ಬರುತ್ತದೆ. ಮೊಬೈಲ್ ಹಿಡಿಯುವವರಿದ್ದ ದಿನ ತಪ್ಪದೆ ಕ್ಲಾಸಿಗೆ ಬರುತ್ತಾನೆ. ಆದರೆ ಎಡಗಡೆಗೆ ಬರುವ ಏಟು ಅವನಿಗೆ ಕಾಣುವುದೇ ಇಲ್ಲ. ಕಂಡರೂ ಕೈ ಏಳುವಷ್ಟರಲ್ಲಿ ಏಟು ಬಂದು ಕೂತಿರುತ್ತದೆ. "ಎಡಗೈ ನಿದ್ದೆ ಮಾಡ್ತಿದೆ ಕಣೋ, ಎಬ್ಬಿಸೋ ಅದನ್ನ," ಎಂದು ನಾನು ಹೇಳಿದಾಗಲೆಲ್ಲ, "ನಾಳೆ ಎಬ್ಬಿಸ್ತೀನಕ್ಕ," ಎಂದು ಹಲ್ಲು ಬಿಡುತ್ತಿದ್ದ.

ಹಾಲ್ ನಡೆಸುವವರಿಗೆ ಮೂರನೇ ಡಾನ್ ಆಗಿರಬೇಕು ಎಂಬುದು ನಮ್ಮ ಸಂಸ್ಥೆಯ ನಿಯಮ. ಡಾನ್ ಎಂದರೆ ಬ್ಲ್ಯಾಕ್ ಬೆಲ್ಟ್ ಕಟ್ಟಿದ ಮೇಲೆ ಹತ್ತಬೇಕಾದ ಮೆಟ್ಟಿಲುಗಳು. ನನ್ನ ಗಂಡನ ಮಟ್ಟಿಗೆ ಡಾನ್ ಎಂದರೆ ಕಪ್ಪು ಕಾರಿನಿಂದ ಇಳಿಯುವವನು, ಅದಕ್ಕೇ ಮನೆಗೆ ನೆಂಟರು ಬಂದಾಗ ನನ್ನನ್ನು ತೋರಿಸಿ, "ಇವಳ ತಂಟೆಗೆ ಹೋಗ್ಬೇಡಿ, ಡಾನ್ ಇವಳು," ಎನ್ನುತ್ತಾನೆ. ಮಾಸ್ಟರನ್ನು ಬಿಟ್ಟರೆ ಹಾಲಿನಲ್ಲಿ ಮೂರನೇ ಡಾನ್ ಇದ್ದದ್ದು ನನಗೆ ಮಾತ್ರ. ಮಗನದು ಎರಡಕ್ಕೇ ನಿಂತಿತ್ತು. ಒಂದು ಸಂಜೆ ಕ್ಲಾಸ್ ಮುಗಿದ ಮೇಲೆ ಮಾಸ್ಟರು ಎಲ್ಲರನ್ನೂ ಸಾಲಾಗಿ ಕೂರಿಸಿ ಹೇಳಿಬಿಟ್ಟರು.

"ನಂಗಿನ್ನು ಮೆಟ್ಲು ಹತ್ತೋಕಾಗಲ್ಲ. ಈ ಸಲದ ಪರೀಕ್ಷೇಲಿ ಇವನು ಮೂರನೇ ಡಾನ್ ಪಾಸಾದ್ರೆ ಹಾಲ್ ಇವನು ನೋಡ್ಕೋತಾನೆ. ಆಗ್ಲಿಲ್ವಾ, ಅಕ್ಕನಿಗೆ. ಆಮೇಲೆ ಇದರ ಬಗ್ಗೆ ಮಾತಿಲ್ಲ."

ಎಲ್ಲರೂ ಎಂಥ ನ್ಯಾಯವಂತರು ಎಂದು ಕೊಂಡಾಡಿದರು. ಹೆತ್ತ ಮಗನಿಗೂ ಪರೀಕ್ಷೆ ಇಟ್ಟರಲ್ಲ! ನಾನು ಮಾತ್ರ ಕೊಂಡಾಡಲಿಲ್ಲ. ನನಗೆ ಸಲ್ಲಬೇಕಾದದ್ದನ್ನು ಇನ್ನೊಬ್ಬ ಬೇಡವೆಂದು ಬಿಟ್ಟರೆ ಕೊಡುತ್ತೇನೆ ಎನ್ನುವುದು ಯಾವ ಸೀಮೆಯ ನ್ಯಾಯ? ಆದರೂ ಬಾಯಿ ಬಿಡಲಿಲ್ಲ. ಅವನ ಎಡಗೈ ನನಗೆ ಗೊತ್ತಿತ್ತಲ್ಲ. ಪರೀಕ್ಷೆಯೇ ನನ್ನ ಪರವಾಗಿ ಮಾತಾಡುತ್ತದೆ ಎಂದುಕೊಂಡೆ.

ಮೂರನೇ ಡಾನ್ ಪರೀಕ್ಷೆಯ ಕೊನೆಯ ಸುತ್ತು ಬೇರೆ ಥರ. ಕೆಳಗಿನ ಬೆಲ್ಟುಗಳಲ್ಲಿ ಎದುರಿಗೆ ನಿಂತವರು ಎಲ್ಲಿಗೆ ಹೊಡೆಯುತ್ತೇನೆಂದು ಕೂಗಿ ಹೇಳಿ, ಮೈ ಮುಟ್ಟುವ ಮುಂಚೆ ಕೈ ನಿಲ್ಲಿಸುತ್ತಾರೆ. ಇಲ್ಲಿ ಹೇಳುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ಎದೆಗೆ ನಿಜವಾಗಿ ಹೊಡೆಯಬೇಕು. ತಡೆದವನು ಪಾಸು, ಏಟು ತಿಂದವನು ಫೇಲು. ಹಾಗಾಗಿ ಎದುರಿಗೆ ನಿಲ್ಲುವವರಿಗೂ ಮೂರನೇ ಡಾನ್ ಆಗಿರಬೇಕು. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ಜೊತೆ ಅದಕ್ಕೆಂದೇ ಒಬ್ಬನನ್ನು ಕರೆದುಕೊಂಡು ಬಂದಿದ್ದರು. ಕತ್ತೇ ಇಲ್ಲದ ದಢೂತಿ ಆಳು. ಅವನನ್ನು ನೋಡಿದ ಕೂಡಲೇ ನಮ್ಮ ಮಕ್ಕಳು ಗೂಳಿ ಎಂದು ಹೆಸರಿಟ್ಟುಬಿಟ್ಟರು.

ಗೂಳಿ ಬೆಲ್ಟ್ ಬಿಗಿದುಕೊಂಡು ಮ್ಯಾಟ್ ಹತ್ತುವುದರಲ್ಲಿದ್ದ. ಮಾಸ್ಟರು ಬೆಂಚಿನಿಂದ ಕೈಯೆತ್ತಿದರು.

"ಸಾರ್, ನಮ್ಮ ಹಾಲಿನ ಪರೀಕ್ಷೆಗೆ ನಮ್ಮವರೇ ಎದುರಿಗೆ ನಿಂತ್ರೆ ಚೆಂದ. ಅಕ್ಕ ನಿಲ್ತಾಳೆ."

ಪರೀಕ್ಷಕರು ನನ್ನ ಬೆಲ್ಟ್ ನೋಡಿದರು, ನನ್ನ ನರೆಗೂದಲು ನೋಡಿದರು. "ನಿಜವಾಗ್ಲೂ ಹೊಡೀಬೇಕಮ್ಮ, ಗೊತ್ತಲ್ಲ? ಹುಡುಗ ನಮ್ಮವನು ಅಂತ ದಾಕ್ಷಿಣ್ಯ ಮಾಡ್ಕೂಡದು."

"ದಾಕ್ಷಿಣ್ಯದ ಮಾತೇ ಇಲ್ಲ ಸಾರ್," ಎಂದೆ.

ಆ ಕ್ಷಣದಲ್ಲಿ ನನಗೆ ಮಾಸ್ಟರ ಮೇಲೆ ಎಂಥ ಗೌರವ ಉಕ್ಕಿತೆಂದು ಹೇಳಿದರೆ ಈಗ ನಗು ಬರುತ್ತದೆ. ಹಾಲ್ ಯಾರಿಗೆ ಎಂಬುದನ್ನು ನನ್ನ ಕೈಗೇ ಕೊಟ್ಟುಬಿಟ್ಟರಲ್ಲ ಎಂದುಕೊಂಡೆ. ನಿನಗೆ ಬೇಕಿದ್ದರೆ ಎಲ್ಲರೆದುರು ಹೊಡೆದು ತಗೋ ಎಂದು ಹೇಳಿದಂತಿತ್ತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಹಿಗೆ ನಾಚಿಕೆಯೂ ಆಯಿತು. ಆದರೆ ಕೈ ಸಡಿಲ ಬಿಡುವ ಯೋಚನೆ ಬರಲಿಲ್ಲ. ಎಡಗಡೆಗೆ ಒಂದೇ ಒಂದು ಏಟು ಕೊಡಬೇಕು ಎಂದು ನಿರ್ಧರಿಸಿಯೇ ಮ್ಯಾಟ್ ಹತ್ತಿದೆ. ಒಳಗೊಳಗೇ ಹಿಗ್ಗುತ್ತಲೂ ಇದ್ದೆ.

ಗಂಡ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕ್ ಒತ್ತಿ ಒತ್ತಿ, ಈಗ ಬಸ್ಸಿನಲ್ಲಿ ಹೋಗುವಾಗಲೂ ಬರೀ ನೆಲವನ್ನೇ ಒತ್ತುತ್ತಿರುತ್ತಾನೆ. ನಾನು ಬೆಲ್ಟ್ ಸರಿಮಾಡಿಕೊಳ್ಳುವಾಗ ಹತ್ತಿರ ಬಂದು, "ಕೈ ಬಿಟ್ಟೇಬಿಡೇ. ಇವತ್ತೊಂದಿನ ಹಿಡ್ಕೋಬೇಡ," ಎಂದು ಪಿಸುಗುಟ್ಟಿದ. ಹೋಗಿ ಕೂತ್ಕೋ ಎಂದು ಗದರಿಸಿದೆ.

ಶುರುವಾಯಿತು. ಬಲಗಡೆಗೆ ಬಂದ ಏಟನ್ನು ಹುಡುಗ ಚೆನ್ನಾಗಿಯೇ ತಡೆದ. ಅವನ ಮುಂಗೈ ನನ್ನ ಮುಂಗೈಗೆ ಬಡಿದು ಮೂಳೆ ಚುರ್ ಎಂದಿತು. ನಡುವಿಗೆ ಹೊಡೆದೆ, ತಡೆದ. ಮತ್ತೆ ಬಲಕ್ಕೆ ಹೊಡೆದೆ, ಅದನ್ನೂ ತಡೆದ. ಹೀಗೆ ಸುತ್ತುತ್ತಾ ಸುತ್ತುತ್ತಾ ನನ್ನ ಬೆನ್ನು ಪರೀಕ್ಷಕರ ಮೇಜಿನ ಕಡೆಗೆ ಬಂತು, ಬೆಂಚಿನ ಮೇಲಿದ್ದ ಮಾಸ್ಟರು ಪಕ್ಕಕ್ಕೆ ಬಂದರು. ಹುಡುಗನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು. ಅವನು ರೆಪ್ಪೆ ಬಡಿದ. ನಾನು ಅವನ ಎಡಕ್ಕೆ ನುಗ್ಗಿದೆ.

ಅವನಿಗೆ ಅದು ಕಾಣಲೇ ಇಲ್ಲ. ಅವನ ಎಡಗೈ ಸೊಂಟದ ಹತ್ತಿರ ತೂಗುತ್ತಿತ್ತು, ಎದೆ ಬಾಗಿಲು ತೆರೆದಿಟ್ಟ ಮನೆಯಂತಿತ್ತು. ನನ್ನ ಹೆಗಲು, ಸೊಂಟ, ಹಿಂಗಾಲಿನ ಹಿಮ್ಮಡಿ ಎಲ್ಲ ಆ ಏಟಿನ ಹಿಂದೆ ಇದ್ದವು. ಬೀಳಲಿ, ಈ ಸಲ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಮುಷ್ಟಿ ಅವನ ಬಟ್ಟೆಯ ಮೇಲೆ ಹೋಗಿ ನಿಂತಿತು.

ನಿಂತೇಬಿಟ್ಟಿತು! ಅದರ ಕೆಳಗೆ ಅವನ ಎದೆ ಡವಡವ ಎನ್ನುವುದು ನನ್ನ ಬೆರಳ ಗಿಣ್ಣಿಗೆ ಗೊತ್ತಾಗುತ್ತಿತ್ತು. ಆಮೇಲೆ ಅವನ ಎಡಗೈ ಎದ್ದು ಬಂತು. ನಿಂತಿದ್ದ ನನ್ನ ಮುಂಗೈಗೆ ಟಪ್ಪೆಂದು ಬಡಿದು ಪಕ್ಕಕ್ಕೆ ತಳ್ಳಿತು. ನಿಲ್ದಾಣದಲ್ಲಿ ನಿಂತ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದೆ ಎನ್ನುವ ಹಾಗೆ. ಹಿಂದುಗಡೆ ಮೇಜಿನ ಮೇಲೆ ಪೆನ್ನು ಕುಟ್ಟಿದ ಸದ್ದಾಯಿತು.

"ಶಹಬ್ಬಾಸ್! ಕೊನೇ ಗಳಿಗೆವರೆಗೂ ಕಾದು ತಡೆದ ನೋಡಿ. ಇದಕ್ಕೆ ಧೈರ್ಯ ಬೇಕು," ಎಂದರು ಪರೀಕ್ಷಕರು.

ಹಾಲೆಲ್ಲ ಚಪ್ಪಾಳೆ. ಏನೆಂದು ಹೇಳಲಿ? ಅವನು ತಡೆಯಲಿಲ್ಲ, ನಾನೇ ಹೊಡೆಯಲಿಲ್ಲ ಎಂದರೆ ನಿಯಮ ಮುರಿದವಳು ನಾನಾಗುತ್ತೇನೆ. ಇಷ್ಟು ದೊಡ್ಡ ಬೆಲ್ಟ್ ಕಟ್ಟಿಕೊಂಡು ಒಂದು ಏಟು ಹೊಡೆಯಲು ಬರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹುಡುಗ ಬಾಗಿ ನಮಸ್ಕರಿಸಿದ. ತಲೆಯೆತ್ತಿದಾಗ ನನ್ನ ಮುಖ ನೋಡಲಿಲ್ಲ. ಅವನಿಗೂ ಗೊತ್ತಾಗಿತ್ತು. ಗೊತ್ತಾಗದಷ್ಟು ಕೆಟ್ಟದಾಗಿ ನಾನು ಅವನಿಗೆ ಕಲಿಸಿರಲಿಲ್ಲ.

ಫೋಟೊ ಆಯಿತು, ಸಿಹಿ ಹಂಚಿದ್ದಾಯಿತು. ಗೂಳಿ ನನ್ನ ಹತ್ತಿರ ಬಂದು ಕೈ ಮುಗಿದು ಹೋದ. ಗಂಡ ಸ್ಕೂಟರ್ ತೆಗೆಯಲು ಕೆಳಗೆ ಇಳಿದ. ಮಕ್ಕಳು ಚಿಕ್ಕ ಮಾಸ್ಟರನ್ನು ಹೆಗಲ ಮೇಲೆ ಹೊರಲು ಹೋಗಿ, ಆಗದೆ, ನಗುತ್ತಾ ಮೆಟ್ಟಿಲಿಳಿದರು. ಹಾಲಿನಲ್ಲಿ ಉಳಿದದ್ದು ನಾನು, ಮಾಸ್ಟರು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮ್ಯಾಟ್ ಮೇಲೆ ಬಿದ್ದಿತ್ತು. ನಾನು ಅವರ ಎದುರಿಗೆ ಹೋಗಿ ನಿಂತೆ.

"ಸಾರ್, ಅವನು ತಡೀಲಿಲ್ಲ. ಅದಕ್ಕೆ ಮುಂಚೇನೇ ನನ್ನ ಕೈ ನಿಂತಿತ್ತು."

"ನೋಡ್ದೆ."

"ನೋಡಿದ್ರಾ? ನೋಡಿಯೂ ಸುಮ್ನೆ ಕೂತಿದ್ರಾ?"

"ಕೂಗಾಡ್ಬೇಡ. ಕೆಳಗೆ ಕೇಳ್ಸುತ್ತೆ."

"ಕೇಳ್ಸಲಿ! ಆ ಗೂಳಿ ನಿಂತಿದ್ದಿದ್ರೆ ಏನಾಗ್ತಿತ್ತು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ನನ್ನ ಮಗ ಫೇಲಾಗ್ತಿದ್ದ. ಅದಕ್ಕೇ ಅವನು ಬೇಡ ಅಂದೆ."

ಅವರು ಅದನ್ನು ಯಾವ ಅಳುಕೂ ಇಲ್ಲದೆ ಹೇಳಿದರು. ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಇನ್ನೊಂದು ಹೆಜ್ಜೆ ಹತ್ತಿರ ಹೋದೆ.

"ಸಾರ್, ನಾನೂ ಹೊಡೀಬೇಕು ಅಂತಲೇ ನಿಂತಿದ್ದೆ. ನಿಮ್ಮ ಮಗ ಬಿದ್ದುಹೋಗ್ಲಿ ಅಂತಲೇ ಕೈ ಬೀಸಿದೆ. ನಿಮ್ಮಾಣೆಗೂ."

ಅವರು ನಕ್ಕರು. ಆ ನಗುವಿನಲ್ಲಿ ವ್ಯಂಗ್ಯ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ವಾತ್ಸಲ್ಯ.

"ಹೊಡೀಬೇಕು ಅಂತ ನಿನ್ನ ಮನಸ್ಸಲ್ಲಿ ಇರುತ್ತೆ ಅಂತಾನೂ ಗೊತ್ತಿತ್ತಮ್ಮ. ಇರಲೇಬೇಕು, ಇಷ್ಟು ವರ್ಷ ದುಡಿದಿದ್ದೀಯ. ಆದ್ರೆ ನಿನ್ನ ಕೈ ಹೊಡಿಯಲ್ಲ. ನಿನಗೆ ಬೇಕಂದ್ರೂ ಹೊಡಿಯಲ್ಲ. ಆ ಕೈ ಮಾಡಿದ್ದು ನಾನು ತಾನೇ?" ಎಂದರು. ಆಮೇಲೆ ದನಿ ತಗ್ಗಿಸಿ, "ಪಾಠ ನೀನೇ ಮಾಡು. ಅವನಿಗೆ ಎಲ್ಲಿ ಬರುತ್ತೆ? ಹೆಸರು ಅವನದಿರಲಿ ಅಷ್ಟೆ," ಎಂದರು.

ಇಷ್ಟು ವರ್ಷ ಯಾವುದನ್ನು ನನ್ನ ವಿದ್ಯೆ ಎಂದು ತಲೆಯ ಮೇಲೆ ಹೊತ್ತುಕೊಂಡಿದ್ದೆನೋ ಅದು ಅವರು ನನಗೆ ಹಾಕಿದ ಮೂಗುದಾರವಾಗಿತ್ತು. ಅದನ್ನು ನಾನು ಎಷ್ಟು ಮಕ್ಕಳಿಗೆ ಹಾಕಿದ್ದೇನೋ. ನನ್ನ ಮುಷ್ಟಿ ಬಿಗಿದಿತ್ತು. ಮುದುಕರು ಕೈಯಳತೆಯಲ್ಲೇ ಕೂತಿದ್ದರು, ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಆ ಮುಷ್ಟಿಯನ್ನು ನೋಡಿದರು. ಹಿಂದಕ್ಕೆ ಸರಿಯಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಕೊಂಚ ಹಿಡ್ಕೊಮ್ಮ, ಮಂಡಿ ಏಳಲ್ಲ ಅಂತಿದೆ," ಎಂದು ನನ್ನ ಹೆಗಲ ಮೇಲೆ ಭಾರ ಹಾಕಿದರು. ನಾನು ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು ಇಳಿಸಿ, ಮಗನ ಕಾರಿನವರೆಗೆ ಕರೆದುಕೊಂಡು ಹೋಗಿ ಕೂರಿಸಿದೆ.