ಹಬ್ಬದ ದಿನ ರಜೆಯಿಲ್ಲದ ಚಾಕು

ದಂಡೋತಿಯ ಕರುಣಾ ಪಶುಸಖಿ. ಸ್ಕೂಟಿ ಹತ್ತಿ ಸುತ್ತಲಿನ ಹಳ್ಳಿಗಳ ಆಡು, ಎಮ್ಮೆಗಳ ಯೋಗಕ್ಷೇಮ ನೋಡಿ ಬರುವುದು ಅವಳ ಕೆಲಸ. ಕೋಟಿನ ಕಿಸೆಗೊಂದು ಮಡಚುವ ಚಾಕು ಬೇಕೆಂದು ಶಹಾಬಾದಿಗೆ ಹೊರಟಾಗ ಪಕ್ಕದ ಮನೆಯ ನರಸಪ್ಪನೂ ಬೆನ್ನು ಹತ್ತಿದ. ಕಬ್ಬಿಣದ ಸಾಮಾನಿನಲ್ಲಿ ತನ್ನನ್ನು ಯಾರೂ ಏಮಾರಿಸಲಾರರು ಎಂಬುದು ಅವನ ನಂಬಿಕೆ.

ಅಂಗಡಿಯ ರಶೀದಾಬೇಗಂ ಚಾಕುಗಳನ್ನು ಗಾಜಿನ ಮೇಲೆ ಹರವಿದಳು. ನರಸಪ್ಪ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡು ಒಂದೊಂದೇ ಅಂಗ ಬಿಡಿಸತೊಡಗಿದ.

"ಇದೇನ್ರಿ, ಹಲ್ಲು ಹಲ್ಲು?"

"ಮೀನಿನ ಹುರುಪಿ ಕೆರಿಯೋದು."

ಕರುಣಾ ನಕ್ಕಳು. "ಕಾಕಾ, ತತ್ತಿ ವಾಸನಿ ಬಂದ್ರ ಊಟ ಬಿಟ್ಟು ಏಳ್ತೀರಿ. ನಿಮಗ್ಯಾಕ ಅದು?"

"ಇರ್ಲಿ ಬಿಡು. ಪುಕ್ಕಟೆ ಬರ್ಲಿಕತ್ತದ."

"ಅದರ ಭಾರ ಪುಕ್ಕಟೆ ಅಲ್ರಿ," ಎಂದಳು ರಶೀದಾಬೇಗಂ. ಆಮೇಲೆ ಕರುಣಾಳ ಕಡೆ ತಿರುಗಿ, "ಬೇಟಿ, ಚಾಕು ಆಮ್ಯಾಲ ನೋಡು. ನಿನ್ನಿ ಏನೇನ್ ಇಲ್ದ ಪರದಾಡಿದಿ, ಅದು ಹೇಳು," ಎಂದಳು.

ಕರುಣಾ ಯೋಚಿಸಿದಳು. ಔಷಧದ ಪುಡಿಕೆಯನ್ನು ಹಲ್ಲಿನಿಂದ ಹರಿದಿದ್ದಳು. ಆಡಿನ ಗೊರಸಿನ ಜಾಲಿಮುಳ್ಳನ್ನು ತಲೆಯ ಪಿನ್ನಿನಿಂದ ಕಿತ್ತಿದ್ದಳು. ಸ್ಕೂಟಿಯ ಕನ್ನಡಿಯ ಸ್ಕ್ರೂವನ್ನು ನಾಣ್ಯದಿಂದ ಬಿಗಿಮಾಡಿದ್ದಳು. ಹಾಗಿದ್ದರೆ ಚಿಕ್ಕ ಅಲಗು, ಕತ್ತರಿ, ಚಿಮಟಿ, ಸ್ಕ್ರೂಡ್ರೈವರ್ ಸಾಕು. ಬೆರಳುದ್ದದ ಗರಗಸ ಬೇಡ. ಕಡಿಯುವಂಥ ಟೊಂಗೆ ಇದ್ದಲ್ಲಿ ಕೊಡಲಿಯೂ ಇರುತ್ತದೆ. ಆ ನಾಲ್ಕೇ ಅಂಗಗಳ ಚಿಕ್ಕ ಚಾಕುವೊಂದನ್ನು ಕಿಸೆಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತು ಎದ್ದಳು. ಎಲ್ಲಿಯೂ ಚುಚ್ಚಲಿಲ್ಲ.

"ಇಷ್ಟs ಇಷ್ಟು? ಪೆನ್ಸಿಲ್ ಕೆತ್ತಲಿಕ್ಕೇನು?" ಎಂದ ನರಸಪ್ಪ. ದಾರಿಯುದ್ದಕ್ಕೂ ತನ್ನ ಚಾಕುವಿನ ಭೂತಗನ್ನಡಿಯಲ್ಲಿ ತನ್ನದೇ ಹೆಬ್ಬೆರಳು ನೋಡುತ್ತ ಬಂದ.

ದಸರೆ ಬಂತು. ಖಂಡೇಪೂಜೆಯ ದಿನ ನರಸಪ್ಪನ ಮನೆಯ ಕುಡಗೋಲು, ಕೊಡಲಿ, ಹೊಲಿಗೆಯ ಕತ್ತರಿ, ಕೊನೆಗೆ ಈಳಿಗೆ ಕೂಡ ದೇವರ ಮುಂದೆ ಕುಳಿತವು. ಮರುದಿನ ಬೆಳಗಿನ ಪೂಜೆಯಾಗುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಹೊಸ ಚಾಕುವಿನ ಅಂಗಗಳನ್ನೆಲ್ಲ ನವಿಲುಗರಿಯಂತೆ ಬಿಚ್ಚಿ, ಒಂದೊಂದಕ್ಕೂ ಕುಂಕುಮವಿಟ್ಟಿದ್ದ ನರಸಪ್ಪ. ಮೀನಿನ ಹುರುಪೆ ಕೆರೆಯುವುದಕ್ಕೂ ಒಂದು ಚೆಂಡುಹೂ ಸಿಕ್ಕಿತ್ತು.

ಮಧ್ಯಾಹ್ನ ಎಲ್ಲರೂ ಹೋಳಿಗೆ ಉಣ್ಣುತ್ತಿದ್ದಾಗ ನರಸಪ್ಪನ ಎಳೆಗರು, ಪೂಜೆಗೆಂದು ಅಂಗಳದ ಟ್ರ್ಯಾಕ್ಟರಿಗೆ ಹಾಕಿದ್ದ ಹೂವಿನ ಹಾರಕ್ಕೆ ಬಾಯಿ ಹಾಕಿತು. ಹೂ ಹೊಟ್ಟೆಗೆ ಹೋಯಿತು, ನೈಲಾನ್ ದಾರ ಹಿಂಗಾಲಿಗೆ ಸುತ್ತಿಕೊಂಡಿತು. ಬೆದರಿ ಜಿಗಿದಂತೆಲ್ಲ ದಾರ ಬಿಗಿಯುತ್ತ ಹೋಗಿ ಚರ್ಮದಲ್ಲಿ ಹೂತಿತು. ಕಾಲು ಬಾತು ತಣ್ಣಗಾಗತೊಡಗಿತು.

ನರಸಪ್ಪ ದೇವರ ಕೋಣೆಗೆ ಓಡಿದ. ಹೆಂಡತಿ ಮಹಾದೇವಮ್ಮ ಬಾಗಿಲಿಗೆ ಅಡ್ಡ ನಿಂತಳು. "ಕೂಡಿಸಿದ್ದಕ್ಕ ಕೈ ಹಚ್ಚಬ್ಯಾಡ್ರಿ!"

"ಕರುವಿನ ಕಾಲು ಹೋಗ್ಲಿಕತ್ತದ, ಮಾರಾಯ್ತಿ!"

"ಅದಕ್ಕs ಹೇಳ್ಲಿಕತ್ತೀನಿ, ಇಲ್ಲಿ ನಿಂತು ಒದರೋ ಬದ್ಲು ಕರುಣಾನ ಕರೀರಿ. ಅವರ ಮನ್ಯಾಗ ಖಂಡೇಪೂಜಿ ಎಲ್ಲದ?"

ಕರುಣಾಳದು ಬೌದ್ಧರ ಮನೆ; ಮರುದಿನದ ಬುದ್ಧವಂದನೆಗೆ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಕರೆ ಕೇಳಿದ್ದೇ ಕೋಟು ತೊಟ್ಟು, ಔಷಧದ ಚೀಲ ಹಿಡಿದು ಬಂದಳು. "ಕಾಕಾ, ತಲಿ ಒತ್ತಿ ಹಿಡೀರಿ. ಕಾಕು, ನೀವು ಕಾಲು."

ಕಿಸೆಯ ಚಾಕು ತೆಗೆದರೂ ಅದರ ಅಲಗು ಬಿಚ್ಚಲಿಲ್ಲ, ಕರು ಒಮ್ಮೆ ಕೊಸರಿದರೆ ನರವೇ ಹರಿಯುತ್ತದೆ. ಚಿಮಟಿಯಿಂದ ದಾರವನ್ನು ಕೂದಲೆಳೆಯಷ್ಟು ಎತ್ತಿ, ಕತ್ತರಿಯ ತುದಿ ತೂರಿಸಿದಳು. ಟಿಕ್ ಎಂದಿತು. ಒಂದು ಸುತ್ತು. ಮತ್ತೊಂದು ಸುತ್ತು. ಕೊನೆಯ ಸುತ್ತು ಬಿಚ್ಚಿದ ಮೇಲೆ ಗಾಯ ತೊಳೆದು ಮುಲಾಮು ಹಚ್ಚಿ, ಕಾಲನ್ನು ನಿಧಾನವಾಗಿ ತಿಕ್ಕುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಯಿತು. ಕರು ಕುಂಟುತ್ತ ಎದ್ದು ಹೋಗಿ ತಾಯಿಯ ಕೆಚ್ಚಲಿಗೆ ಗುದ್ದಿತು.

ನರಸಪ್ಪನ ಕಣ್ಣು ತುಂಬಿ ಬಂತು. ಒಳಗಿಂದ ಕುಂಕುಮದ ಬಟ್ಟಲನ್ನೇ ಎತ್ತಿ ತಂದ. "ಆ ಚಾಕು ಕೊಡು ತಂಗಿ. ಮೊದ್ಲು ಅದನ್ನ ಕೂಡಿಸಿ ಪೂಜಿ ಮಾಡಬೇಕು."

ಕರುಣಾ ಚಾಕು ಒರೆಸಿ, ಮಡಚಿ ಕಿಸೆಗೆ ಹಾಕಿಕೊಂಡಳು.

"ಬ್ಯಾಡ ಕಾಕಾ. ಇನ್ನೂ ಯಾರ್ಯಾರ ಮನ್ಯಾಗ ದನಕರ ಹಾರ ತಿಂದಾವೋ ಏನೋ. ಕುಂಕುಮ ಕರುವಿಗಿ ಹಚ್ರಿ. ನನಗ ಒಂದು ಹೋಳಿಗಿ ಕೊಡ್ರಿ, ತುಪ್ಪ ಜಾಸ್ತಿ ಇರ್ಲಿ."